ಹಿಡಿ ಇಲ್ಲದ ಪೆಟ್ಟಿಗೆ

ಎಡ ಮಣಿಕಟ್ಟನ್ನು ಅತ್ತಿತ್ತ ತಿರುವಿ ನೋಡಿ
ಡಾಕ್ಟರು ಅಂದರು: ಎರಡರಲ್ಲಿ ಒಂದು ಬಿಡು,
ಮೂಲಂಗಿ ಹೆಚ್ಚುವುದೋ, ಆಟದ ಜಾಯ್‌ಸ್ಟಿಕ್ಕೋ.
ನಾನು ಎಡಚಿ. ಚೂರಿಗೂ ಅದೇ ಕೈ, ಕೋಲಿಗೂ ಅದೇ.
ಹಗಲಿಗೆ ನಲವತ್ತು ಕಿಲೋ ಮೂಲಂಗಿ, ಅದು ಬಾಡಿಗೆ.
ರಾತ್ರಿಗೆ ನೊರ್ಯಾಂಗ್ಜಿನ್ ನೆಲಮಾಳಿಗೆಯಲ್ಲಿ
ಗಂಟೆಯ ಲೆಕ್ಕದ ಕಾಳಗ. ಅದೇನು ಅಂತ
ಡಾಕ್ಟರಿಗೆ ಹೇಳಲು ಬಾಯಿ ಬರಲಿಲ್ಲ.
ಆಗಲಿ ಎಂದೆ. ಯಾವುದಕ್ಕೆ ಅಂತ ಹೇಳಲಿಲ್ಲ.

ಸೋಲ್ ಶಹರದ ಸೆವೂನ್ ಮಳಿಗೆ, ಮೂರನೇ ಮಹಡಿ,
ಪ್ಯೋ ತಾತನ ಗೂಡು. ಮೂವತ್ತೆಂಟು ವರ್ಷ
ಬರೀ ಹಿಡಿಕೋಲು ರಿಪೇರಿ ಮಾಡಿದ ಕೈ.
ಸ್ಪ್ರಿಂಗು, ರಬ್ಬರು, ಸವೆದ ಗುಂಡು:
ಸೋತದ್ದೆಲ್ಲ ಕೋಲಿನ ತಪ್ಪೇ ಎಂದು
ಊರ ಹುಡುಗರು ತಂದು ಸುರಿದ ಡಬ್ಬಿಗಳು.
ಕೋಲೇ ಬೇಡ, ಗುಂಡಿ ಸಾಕು, ಹನ್ನೆರಡು, ಎಂದೆ.
ಮೀನಂಗಡಿಯಲ್ಲಿ ನಿಂತು ಸೊಪ್ಪು ಕೇಳಿದವಳ
ನೋಡುವಂತೆ ನೋಡಿದ.
ಚುಕ್ಕಾಣಿ ಇಲ್ಲದ ದೋಣಿ, ಎಂದ.
ಆಮೇಲೆ ಪೆನ್ಸಿಲು ಹುಡುಕಿದ.

ಹಳೆ ಕ್ಯಾಲೆಂಡರಿನ ಬೆನ್ನ ಮೇಲೆ ಕೈ ಊರಿಸಿ
ಬೆರಳ ಸುತ್ತ ಗೆರೆ ಎಳೆದ, ಬೂಟಿಗೆ ಪಾದ ಅಳೆದಂತೆ.
ಕಿರುಬೆರಳು ಸೊಟ್ಟ. ಹದಿನೇಳರಲ್ಲಿ ಬಸ್ಸಿನ ಬಾಗಿಲಿಗೆ ಸಿಕ್ಕಿದ್ದು.
ಅಂಗಡಿಯ ಯಾವ ಪೆಟ್ಟಿಗೆಗೂ ಗೊತ್ತಿಲ್ಲದ ಸೊಟ್ಟ.
ಅದಕ್ಕೊಂದು ತೂತು, ಮೂರು ಮಿಲಿಮೀಟರು ಕೆಳಗೆ.

ಹಲಗೆ ನನ್ನದೇ: ಹಳೆ ಹೆಚ್ಚುಮಣೆ,
ಎಂಟು ವರ್ಷದ ಬೆಳ್ಳುಳ್ಳಿ, ಮೆಣಸಿನ ಪುಡಿ ಕುಡಿದದ್ದು.
ಡ್ರಿಲ್ಲು ಕಚ್ಚಿದಾಗ ಹೊಗೆಯಲ್ಲಿ
ನನ್ನ ಅಂಗಡಿಯೇ ಎದ್ದು ಬಂತು.
ತಾತ ಸೀನಿದ. ಮೊದಲ ತೂತು ವಾರೆಯಾಯಿತು.
ತನ್ನನ್ನೇ ಬೈದುಕೊಂಡ.
ಇರಲಿ ಬಿಡಿ ಎಂದೆ, ಕತ್ತಲಲ್ಲಿ ಬೆರಳಿಗೆ ಗುರುತಾಗುತ್ತದೆ.

ಹನ್ನೆರಡು ಗುಂಡಿಯ ಒಂದೊಂದು ಕಾಲು
ಒಂದೇ ಕಪ್ಪು ತಂತಿಗೆ, ಹೂ ಕಟ್ಟಿದ ಹಾಗೆ.
ಇನ್ನೊಂದು ಕಾಲಿಗೆ ಬೇರೆ ಬಣ್ಣ, ಬೇರೆ ದಾರಿ,
ಎಲ್ಲವೂ ಕೊನೆಗೆ ಹೆಬ್ಬೆಟ್ಟಿನಷ್ಟು ಹಸಿರು ಚಿಪ್ಪಿಗೆ.
ಬೆಸುಗೆ ಹೊಳೆದರೆ ಸರಿ,
ಮಂಕಾದರೆ ಮತ್ತೆ ಕಾಯಿಸು.

ಎಡ, ಕೆಳಗೆ, ಬಲ: ಮೂರು ಬೆರಳಿಗೆ ಮೂರು.
ಮೇಲೆ ಮಾತ್ರ ಎಲ್ಲಕ್ಕಿಂತ ಕೆಳಗೆ, ಹೆಬ್ಬೆರಳ ಅಡಿ.
ಹಾರಬೇಕಾದರೆ ಅದುಮಬೇಕು.
ಕೋಲಿನಲ್ಲಿ ಕಾಲು ಚಂದ್ರ ಗೀರುತ್ತಿದ್ದ ಕೈ ಈಗ
ಚಂದ್ರನನ್ನು ತುಂಡು ಮಾಡಿ ಒಂದೊಂದಾಗಿ ಒತ್ತಬೇಕು.

ಕೊನೆಗೊಂದು ಪ್ರಶ್ನೆ ಉಳಿಯಿತು.
ಕನ್ನಡಕ ಹಣೆಗೇರಿಸಿ ತಾತ ಕೇಳಿದ:
ಎಡ ಬಲ ಎರಡನ್ನೂ ಒಟ್ಟಿಗೆ ಒತ್ತಿದರೆ?
ಕೋಲಿಗೆ ಈ ಪೇಚು ಇರಲಿಲ್ಲ,
ಒಂದು ಕೋಲು ಎರಡು ಕಡೆ ವಾಲುವುದಿಲ್ಲ.
ಬೆರಳು ಹಾಗಲ್ಲ,
ಒಂದು ಏಳುವ ಮುನ್ನ ಇನ್ನೊಂದು ಇಳಿದಿರುತ್ತದೆ.
ಹೇಳು, ಹಾಗೇ ಚಿಪ್ಪಿಗೆ ಕಲಿಸುತ್ತೇನೆ,
ಮೊದಲಿನದು ಗೆಲ್ಲಲೋ, ಕೊನೆಯದೋ?
ಮಣಿಕಟ್ಟಿನ ಪಟ್ಟಿಯನ್ನು ಒಂದು ಸುತ್ತು ಬಿಗಿ ಮಾಡಿದೆ.
ಯಾವುದೂ ಬೇಡ, ಎಂದೆ.
ನಿಲ್ಲಲಿ.

ಮೊದಲ ವಾರ ನನ್ನ ಜಟ್ಟಿ
ಕಾರಣವಿಲ್ಲದೆ ಹಾರಿ ಹಾರಿ ಒದೆ ತಿಂದಳು.
ಎರಡನೇ ವಾರ ಬರೀ ಕೂತಳು.
ನಿನ್ನೆ, ಪೊಲೀಸು ಪರೀಕ್ಷೆಗೆ ಮೂರನೇ ಸಲ ಓದುತ್ತಿರುವ
ತಕ್ ಇನ್-ಸೊ ಎದುರು, ಎರಡಕ್ಕೆ ಎರಡು ಸಮವಾಗಿ
ಕೊನೆಯ ಸುತ್ತು. ರಕ್ತದ ಪಟ್ಟಿಯಲ್ಲಿ ಇಬ್ಬರಿಗೂ ಒಂದು ಉಗುರಿನಷ್ಟು.
ಅವನು ಮುಂದೆ ಬಂದ. ನನ್ನ ಬೆರಳು
ಹಿಂದೆಯೂ ಹೋಯಿತು, ಮುಂದೆಯೂ ಹೋಯಿತು.
ಅವಳು ನಿಂತಳು. ಅಷ್ಟೇ, ಒಂದು ರೆಪ್ಪೆಯಷ್ಟು ಹೊತ್ತು.
ಅವನ ಒದೆ ಗಾಳಿಗೆ ಬಿತ್ತು.

ಇದು ಮೋಸದ ಪೆಟ್ಟಿಗೆ, ಎಂದ ಇನ್-ಸೊ.
ಮತ್ತೆ ಮೂಗೆಳೆದು: ಇಲ್ಲಿ ಯಾರು ಊಟ ತಂದಿದ್ದೀರಿ?
ಅಂಗೈ ಶಾಖಕ್ಕೆ ಹಲಗೆ ಬೆಚ್ಚಗಾಗಿ
ಬೆಳ್ಳುಳ್ಳಿ ಬಿಡುತ್ತಿತ್ತು.

ಮಣಿಕಟ್ಟು ಇನ್ನೂ ನೋಯುತ್ತದೆ, ನಿಜ.
ಆದರೆ ಅದು ಮೂಲಂಗಿಯ ನೋವು, ಬೇರೆ ಗೊತ್ತಾಗುತ್ತದೆ.
ತಾತನ ಲೆಕ್ಕದ ಚೀಟಿ ಪೆಟ್ಟಿಗೆಯ ಒಳಗೇ ಅಂಟಿಸಿದ್ದೇನೆ:
ಗುಂಡಿ ಹನ್ನೆರಡು. ತಂತಿ ನಾಲ್ಕು ಮೀಟರು. ಬೆಸುಗೆ.
ವಾರೆ ತೂತು ಒಂದು, ಪುಕ್ಕಟೆ.